ಬಾವುಟ ಎತ್ತಿದವನ ಪಾಡು

2022ರ ನವೆಂಬರ್ 22, ಮಂಗಳವಾರ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ನಮ್ಮ ಕಟ್ಟಡದ ನಿವೃತ್ತರೆಲ್ಲ ಎರಡನೆಯ ಮಹಡಿಯ ಮಾಸ್ತರರ ಮನೆಯಲ್ಲಿ ಜಮಾಯಿಸಿದ್ದೆವು. ಕತಾರ್‌ನಲ್ಲಿ ವಿಶ್ವಕಪ್ ಫುಟ್‌ಬಾಲ್. ಅಂದು ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ನಡುವಣ ಪಂದ್ಯ. ಮಾಸ್ತರರ ಮನೆಯಾಕೆ ಗೋಳಿಬಜೆ ಕರಿದಿಟ್ಟಿದ್ದರು. ಹತ್ತನೆಯ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ, ‘ಇನ್ನೇನು, ಅರ್ಧ ಡಜನ್ ಗ್ಯಾರಂಟಿ’ ಎಂದು ಎಲ್ಲರೂ ನಿರಾಳವಾದೆವು. ಆದರೆ ನಡೆದದ್ದೇ ಬೇರೆ. ಮೆಸ್ಸಿ ಒಮ್ಮೆ, ಲೌಟಾರೊ ಮಾರ್ಟಿನೆಜ್ ಎರಡು ಬಾರಿ ಚೆಂಡನ್ನು ಬಲೆಗೆ ಸೇರಿಸಿದರು. ಮೂರಕ್ಕೆ ಮೂರೂ ಆಫ್‌ಸೈಡ್ ಎಂದು ರದ್ದಾದವು! ವಿರಾಮದ ನಂತರ ಸೌದಿಯವರು ಬೆನ್ನುಬೆನ್ನಿಗೆ ಎರಡು ಗೋಲು ಹೊಡೆದು 2-1ರಿಂದ ಗೆದ್ದೇಬಿಟ್ಟರು.

ಮನೆಯೊಳಗೆ ಕೋಲಾಹಲವೆದ್ದಿತು. ‘ಹಣ ಕೈ ಬದಲಾಗಿದೆ’ ಎಂದು ಒಬ್ಬರು, ‘ಯಂತ್ರವೇ ಕೆಟ್ಟಿದೆ’ ಎಂದು ಇನ್ನೊಬ್ಬರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ‘ನೀವು ಲೈನ್ಸ್‌ಮನ್ ಆಗಿದ್ದವರಲ್ಲವೇ? ಹೇಳಿ ನೋಡುವ, ಇದು ನ್ಯಾಯವೇ?’ ಎಂದು ಮಾಸ್ತರರು ಕೇಳಿದರು. ಅಂದು ಗೋಳಿಬಜೆಯ ನೆಪದಲ್ಲಿ ಬಾಯಿ ಮುಚ್ಚಿಕೊಂಡೆ. ಆ ಪ್ರಶ್ನೆಗೆ ಉತ್ತರವನ್ನೂ, ಅದರ ಜೊತೆಗೆ ನನ್ನದೊಂದು ಹಳೆಯ ಲೆಕ್ಕವನ್ನೂ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

ನನ್ನ ಪರಿಚಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಮಂಗಳೂರಿನ ನೆಹರೂ ಮೈದಾನದಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದವನು. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿ ಬ್ಯಾಂಕೊಂದರಲ್ಲಿ ಗುಮಾಸ್ತನಾದೆ. ಆಡುವ ಕಸುವು ನನ್ನ ಕಾಲಿಗೆ ಅಷ್ಟಾಗಿ ಇಲ್ಲವೆಂದು ಮನವರಿಕೆಯಾದ ಮೇಲೆ ರೆಫರಿ ಪರೀಕ್ಷೆಗೆ ಕಟ್ಟಿ ಪಾಸಾದೆ. ಹದಿನೆಂಟು ವರ್ಷ ಈ ಊರಿನ ಮೈದಾನಗಳ ಗೆರೆಯ ಮೇಲೆ ಬಾವುಟ ಹಿಡಿದು ಓಡಿದೆ. ಸಿಕ್ಕಿದ ಭತ್ಯೆ ಲೋಕಲ್ ಗಾಡಿಯ ಟಿಕೇಟಿಗೂ ಒಂದು ಪ್ಲೇಟು ಇಡ್ಲಿಗೂ ಸಾಕಾಗುತ್ತಿತ್ತು. ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತಿತ್ತು, ನಾಲ್ಕಾರು ಭಾಷೆಗಳಲ್ಲಿ.

ಎಲೆ ಹಾಕುವ ಮೊದಲೇ ಕುಳಿತವನು

ಫುಟ್‌ಬಾಲ್ ನೋಡದ ಓದುಗರಿಗಾಗಿ ಮೊದಲು ನಿಯಮವನ್ನು ಹೇಳಿಬಿಡುತ್ತೇನೆ. ಪಂಕ್ತಿಗೆ ಕರೆ ಬರುವ ಮೊದಲೇ ಹೋಗಿ ಜಾಗ ಹಿಡಿದು ಕುಳಿತುಬಿಡುವ ಮಹಾಶಯರನ್ನು ಮದುವೆಮನೆಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಫುಟ್‌ಬಾಲಿನಲ್ಲಿ ಅಂಥವರನ್ನು ತಡೆಯುವುದಕ್ಕೇ ಆಫ್‌ಸೈಡ್ ನಿಯಮ ಇರುವುದು. ತನ್ನ ಕಡೆಯವನು ಚೆಂಡನ್ನು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರನು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಾಗಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಸಾಮಾನ್ಯವಾಗಿ ಕೊನೆಯವನು ಗೋಲಿಯೇ ಆಗಿರುವುದರಿಂದ ಎರಡನೆಯವನು ಎಂದರೆ ಹಿಂದಿನ ಸಾಲಿನ ರಕ್ಷಕ. ಹಾಗೆ ನಿಂತದ್ದೇ ಅಪರಾಧವಲ್ಲ. ಅಲ್ಲಿದ್ದುಕೊಂಡು ಆಟದಲ್ಲಿ ಕೈಹಾಕಿದರೆ, ಅಂದರೆ ಕಾಲುಹಾಕಿದರೆ, ಅಪರಾಧ. ಗೋಲ್ ಕಿಕ್, ಥ್ರೋ-ಇನ್, ಕಾರ್ನರ್ ಕಿಕ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ.

ಗಮನಿಸಬೇಕಾದ ಮಾತು ‘ಒದೆಯುವ ಕ್ಷಣದಲ್ಲಿ’ ಎಂಬುದು. ಚೆಂಡು ತಲುಪಿದಾಗ ಅವನೆಲ್ಲಿದ್ದ ಎನ್ನುವುದು ಮುಖ್ಯವಲ್ಲ. ಚೆಂಡು ಹೊರಟಾಗ ಎಲ್ಲಿದ್ದ ಎನ್ನುವುದು ಮುಖ್ಯ. ಆಫ್‌ಸೈಡಿನ ಹೆಚ್ಚಿನ ಜಗಳಗಳು ಇಲ್ಲಿಂದಲೇ ಹುಟ್ಟುತ್ತವೆ.

ಈ ನಿಯಮವೂ ಮೊದಲಿನಿಂದ ಹೀಗೆಯೇ ಇದ್ದದ್ದಲ್ಲ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಮೊದಲ ನಿಯಮಾವಳಿ ಬರೆದಾಗ ಚೆಂಡಿಗಿಂತ ಮುಂದೆ ನಿಂತವನೆಲ್ಲ ಆಟದಿಂದ ಹೊರಗೆ. 1866ರಲ್ಲಿ, ಮುಂದೆ ಮೂವರು ಎದುರಾಳಿಗಳಿದ್ದರೆ ಸರಿ ಎಂದರು. 1925ರಲ್ಲಿ ಆ ಮೂರನ್ನು ಎರಡಕ್ಕೆ ಇಳಿಸಿದರು. ಆ ಒಂದೇ ತಿದ್ದುಪಡಿಯಿಂದ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಒಂದು ಋತುವಿನ ಗೋಲುಗಳು 4,700ರಿಂದ 6,373ಕ್ಕೆ ಏರಿದವು. 1990ರವರೆಗೆ ರಕ್ಷಕನ ಸಮಸಮಕ್ಕೆ ನಿಂತವನೂ ಆಫ್‌ಸೈಡೇ. ಆ ವರ್ಷ ‘ಸಮನಾಗಿದ್ದರೆ ತಪ್ಪಿಲ್ಲ’ ಎಂದು ಬದಲಾಯಿಸಿದರು. ಈ 1990ರ ತಿದ್ದುಪಡಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಕಥೆಗೆ ಅದು ಬೇಕಾಗುತ್ತದೆ.

ಲೈನ್ಸ್‌ಮನ್ ಎಂಬ ಪ್ರಾಣಿ ಹುಟ್ಟಿದ್ದು 1891ರಲ್ಲಿ. ಅಲ್ಲಿಯತನಕ ಎರಡೂ ತಂಡಗಳಿಗೆ ಒಬ್ಬೊಬ್ಬ ಅಂಪೈರ್; ಅವರಿಬ್ಬರಿಗೆ ಒಮ್ಮತ ಬಾರದಿದ್ದರೆ ಮೈದಾನದ ಹೊರಗಿನ ರೆಫರಿಯನ್ನು ಕೇಳುವುದು. ಆ ವರ್ಷ ರೆಫರಿ ಒಳಗೆ ಬಂದ, ಅಂಪೈರುಗಳು ಗೆರೆಗೆ ಸರಿದರು. 1996ರಿಂದ ನಮಗೆ ‘ಅಸಿಸ್ಟೆಂಟ್ ರೆಫರಿ’ ಎಂಬ ಮರ್ಯಾದೆಯ ಹೆಸರೂ ಸಿಕ್ಕಿತು, ಬೈಗುಳವೇನೂ ಕಡಿಮೆಯಾಗಲಿಲ್ಲ. ಅದೇ 1891ರಲ್ಲಿ ನಮ್ಮ ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾಯಿತು. ದಶಕಗಳ ಕಾಲ ಬ್ರಿಟಿಷ್ ಪಲ್ಟನ್ನುಗಳದೇ ಸೊತ್ತಾಗಿದ್ದ ಆ ಕಪ್ಪನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಅವರೇ ಗೆದ್ದರು. ಈ ಊರಿನ ಫುಟ್‌ಬಾಲಿಗೂ ನಮ್ಮ ನಾಡಿಗೂ ಇರುವ ನಂಟು ಅಷ್ಟು ಹಳೆಯದು.

ಎರಡು ಕಣ್ಣು, ಐದು ವಸ್ತು

ಇನ್ನು ಲೈನ್ಸ್‌ಮನ್ನನ ಕಷ್ಟಕ್ಕೆ ಬರೋಣ. ಚೆಂಡು ಒದೆಯುವವನು ಮೂವತ್ತು ಗಜ ದೂರದಲ್ಲಿದ್ದಾನೆ. ಓಡುವವನು ನನ್ನ ಕಣ್ಣೆದುರಿಗಿದ್ದಾನೆ. ಕಣ್ಣು ಒಬ್ಬನನ್ನು ಬಿಟ್ಟು ಇನ್ನೊಬ್ಬನ ಮೇಲೆ ನಿಲ್ಲಲು ಸ್ವಲ್ಪ ಸಮಯ ಬೇಕಷ್ಟೆ? ಆ ‘ಸ್ವಲ್ಪ’ ಸೆಕೆಂಡಿನ ಹತ್ತನೆಯ ಒಂದು ಪಾಲು ಎಂದೇ ಇಟ್ಟುಕೊಳ್ಳಿ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನು ಅಷ್ಟರಲ್ಲಿ 80 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ರಕ್ಷಕನೂ ಅದೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ಇಬ್ಬರ ನಡುವಿನ ಅಂತರ 160 ಸೆಂಟಿಮೀಟರ್ ಬದಲಾಗಿರುತ್ತದೆ. ಹೊರಡುವಾಗ ಸಮನಾಗಿದ್ದವನು ಕಣ್ಣಿಗೆ ಬೀಳುವಾಗ ಎರಡು ಹೆಜ್ಜೆ ಮುಂದೆ!

ಸ್ಪೇನಿನ ವೈದ್ಯ ಫ್ರಾನ್ಸಿಸ್ಕೊ ಬೆಲ್ಡಾ ಮರುಯೆಂಡಾ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಕುರಿತು ಒಂದು ಲೇಖನ ಬರೆದರು. ಇಬ್ಬರು ಆಕ್ರಮಣಕಾರರು, ಕೊನೆಯ ಇಬ್ಬರು ಎದುರಾಳಿಗಳು, ಮತ್ತು ಚೆಂಡು, ಹೀಗೆ ಐದನ್ನು ಏಕಕಾಲಕ್ಕೆ ನೋಡುವುದು ಮನುಷ್ಯನ ಕಣ್ಣಿಗೆ ಸಾಧ್ಯವಿಲ್ಲ ಎಂಬುದು ಅವರ ವಾದ. ಅದಕ್ಕೂ ಮೊದಲು, 2000ದಲ್ಲಿ, ಡಚ್ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಕಾರಣ ತೋರಿಸಿದ್ದರು: ಲೈನ್ಸ್‌ಮನ್ ರಕ್ಷಕನ ಸರಿನೇರಕ್ಕೆ ನಿಲ್ಲದೆ ಸ್ವಲ್ಪ ಆಚೀಚೆ ಆದರೂ ನೋಟದ ಕೋನ ಬದಲಾಗಿ ಹಿಂದಿದ್ದವನು ಮುಂದಿದ್ದಂತೆ ಕಾಣುತ್ತಾನೆ. ತಕ್ಕಡಿಯ ಮುಳ್ಳನ್ನು ಎದುರಿನಿಂದ ನೋಡದೆ ಪಕ್ಕದಿಂದ ನೋಡಿದರೆ ತೂಕ ತಪ್ಪಾಗಿ ಕಾಣುವುದಿಲ್ಲವೇ, ಹಾಗೆ. ಕಿರಾಣಿ ಅಂಗಡಿಯವನು ಮೋಸ ಮಾಡದೆಯೂ ತೂಕ ತಪ್ಪಬಹುದು.

ಆದ್ದರಿಂದ ಮಾಸ್ತರರ ಪ್ರಶ್ನೆಗೆ ನನ್ನ ಉತ್ತರದ ಮೊದಲ ಭಾಗ ಇದು: ತಪ್ಪು ಬಾವುಟಗಳಲ್ಲಿ ಹೆಚ್ಚಿನವು ಮೋಸವಲ್ಲ, ಕಣ್ಣಿನ ಮಿತಿ. ಆದರೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ.

1992ರ ಒಂದು ಸಂಜೆ

ಮಳೆಗಾಲ ಮುಗಿಯುತ್ತಿದ್ದ ದಿನಗಳು. ನಗರದ ಒಂದು ಮೈದಾನದಲ್ಲಿ ಸ್ಥಳೀಯ ಪಂದ್ಯಾಟದ ಸೆಮಿಫೈನಲ್. ಒಂದು ತಂಡದಲ್ಲಿ ನಮ್ಮೂರ ಕಡೆಯ ಹುಡುಗನೊಬ್ಬನಿದ್ದ. ಬೆಳಿಗ್ಗೆ ಹೊಟೇಲಿನಲ್ಲಿ ಕೆಲಸ, ಸಂಜೆ ಬಿಡುವು ಸಿಕ್ಕಿದಾಗ ಆಟ, ರಾತ್ರಿ ಕನ್ನಡ ಹೈಸ್ಕೂಲು. ಬಲಬದಿಯಲ್ಲಿ ಅವನು ಓಡುತ್ತಿದ್ದುದನ್ನು ನೋಡುವುದೇ ಒಂದು ಸೊಗಸು. ಅಂದು ಕಂಪೆನಿಯೊಂದರ ಕ್ರೀಡಾಧಿಕಾರಿ ಅವನನ್ನು ನೋಡಲೆಂದೇ ಬಂದಿದ್ದಾರೆ, ಮೆಚ್ಚಿದರೆ ಕೆಲಸ ಕೊಡುತ್ತಾರೆ ಎಂದು ಮೈದಾನದಲ್ಲೆಲ್ಲ ಗುಸುಗುಸು.

ಆಟ 0-0. ಕೊನೆಯ ಐದು ನಿಮಿಷ. ಮಧ್ಯದಿಂದ ಉದ್ದದ ಚೆಂಡು ಬಂತು. ಹುಡುಗ ರಕ್ಷಕನ ಬೆನ್ನ ಹಿಂದಿನಿಂದ ಬಾಣದಂತೆ ಹೊರಟು ಚೆಂಡನ್ನು ಗೋಲಿಯ ಬದಿಯಿಂದ ಒಳಗೆ ಹಾಕಿದ. ನನ್ನ ಕೈ ಅಷ್ಟರಲ್ಲೇ ಮೇಲೆದ್ದಿತ್ತು. ರೆಫರಿ ಸೀಟಿ ಊದಿದರು. ಗೋಲು ರದ್ದು. ಎದುರಿನವರು ಮರುಕ್ಷಣದ ಆಟದಲ್ಲೇ ಗೋಲು ಹೊಡೆದು ಗೆದ್ದರು.

ಸಮನಾಗಿದ್ದರೆ ತಪ್ಪಿಲ್ಲ ಎಂಬ ಹೊಸ ನಿಯಮ ನನಗೆ ತಿಳಿದಿರಲಿಲ್ಲವೆಂದಲ್ಲ. ಆದರೆ ವರ್ಷಗಟ್ಟಲೆ ಹಳೆಯ ನಿಯಮಕ್ಕೆ ಒಗ್ಗಿದ ಕೈ ಅದು. ಬುದ್ಧಿಗೆ ಮೊದಲೇ ಎದ್ದುಬಿಟ್ಟಿತು. ಬಾವುಟ ಎತ್ತಿದ ಮರುಗಳಿಗೆಯಲ್ಲೇ ‘ಸಮನಾಗಿದ್ದನೇನೋ’ ಎಂಬ ಅಳುಕು ಎದೆಯಲ್ಲಿ ಮೂಡಿತ್ತು. ಪಂದ್ಯ ಮುಗಿದ ಮೇಲೆ ಹುಡುಗ ಬಂದು ಕೈಕಟ್ಟಿ ನಿಂತು, ‘ಅಣ್ಣ, ನಾನು ಎಷ್ಟು ಮುಂದಿದ್ದೆ?’ ಎಂದು ಕೇಳಿದ. ಸುತ್ತಲೂ ಜನ. ಅಧಿಕಾರಿಯೂ ಅಲ್ಲೇ. ನಾನು ಗಟ್ಟಿಯಾಗಿ ಹೇಳಿದೆ: ‘ಪೂರಾ ಒಂದು ಅಡಿ.’

ಆ ಒಂದು ಅಡಿಯನ್ನು ನಾನು ಕಂಡಿರಲಿಲ್ಲ.

ಕೆಲವು ತಿಂಗಳ ಬಳಿಕ ಸ್ನೇಹಿತರೊಬ್ಬರ ಮನೆಯಲ್ಲಿ ಆ ಪಂದ್ಯದ ವಿಡಿಯೋ ಕ್ಯಾಸೆಟ್ ಹಾಕಿದರು. ಬಹುಮಾನ ಕೊಟ್ಟ ದಾನಿಗಳು ಮದುವೆಯ ವಿಡಿಯೋದವನನ್ನು ಕರೆಸಿ ತೆಗೆಸಿದ್ದಂತೆ. ಆ ಗಳಿಗೆಯಲ್ಲಿ ನಿಲ್ಲಿಸಿ ನೋಡಿದೆವು. ಗೆರೆಗೆರೆಯಾಗಿ ನಡುಗುವ ಚಿತ್ರ. ಆದರೂ ಸಂಶಯಕ್ಕೆ ಎಡೆಯಿರಲಿಲ್ಲ. ಹುಡುಗ ರಕ್ಷಕನ ಸಮಸಮಕ್ಕೆ ಇದ್ದ. ‘ನೋಡಿದಿರಾ?’ ಎಂದರು ಸ್ನೇಹಿತರು. ‘ಕ್ಯಾಮರಾ ಓರೆಯಾಗಿದೆ’ ಎಂದು ಹೇಳಿ ಚಹಾ ಕುಡಿದು ಎದ್ದು ಬಂದೆ.

ಜೊಹಾನ್ಸ್‌ಬರ್ಗ್‌ನ ದೊಡ್ಡ ಪರದೆ

ದೊಡ್ಡವರ ಪಂದ್ಯಗಳಲ್ಲೂ ಇದೇ ಗೋಳು. 2010ರ ಜೂನ್ 27ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಅರ್ಜೆಂಟೀನಾ-ಮೆಕ್ಸಿಕೊ ವಿಶ್ವಕಪ್ ಪಂದ್ಯ. ಕಾರ್ಲೋಸ್ ಟೆವೆಜ್ ಸ್ಪಷ್ಟವಾಗಿ ಆಫ್‌ಸೈಡ್‌ನಲ್ಲಿದ್ದು ತಲೆಯಿಂದ ಗೋಲು ಹೊಡೆದರು. ಬಾವುಟ ಏಳಲಿಲ್ಲ. ಅಷ್ಟರಲ್ಲಿ ಮೈದಾನದ ದೊಡ್ಡ ಪರದೆಯಲ್ಲಿ ಅದೇ ದೃಶ್ಯ ಮತ್ತೆ ಮೂಡಿತು. ಮೆಕ್ಸಿಕೊ ಆಟಗಾರರು ಪರದೆಯತ್ತ ಬೆರಳು ತೋರಿಸುತ್ತ ಬೇಡಿಕೊಂಡರು. ಇಟಲಿಯ ರೆಫರಿ ರಾಬರ್ಟೊ ರೊಸೆಟ್ಟಿ ತಮ್ಮ ಲೈನ್ಸ್‌ಮನ್ ಬಳಿ ಹೋಗಿ ಮಾತಾಡಿದರು. ಆದರೆ ವಿಡಿಯೋ ನೋಡಿ ತೀರ್ಪು ಬದಲಾಯಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಮೈದಾನಕ್ಕೆ ಮೈದಾನವೇ ಕಂಡ ಸತ್ಯವನ್ನು ರೆಫರಿ ಮಾತ್ರ ಕಾಣುವಂತಿರಲಿಲ್ಲ! ಗೋಲು ಉಳಿಯಿತು, ಅರ್ಜೆಂಟೀನಾ 3-1ರಿಂದ ಗೆದ್ದಿತು. ಫಿಫಾ ಅಧ್ಯಕ್ಷರಾಗಿದ್ದ ಬ್ಲಾಟರ್ ಮೆಕ್ಸಿಕೊದವರ ಕ್ಷಮೆ ಕೇಳಿದರು. ರೊಸೆಟ್ಟಿ ಅದೇ ವರ್ಷ ಸೀಟಿ ಕೆಳಗಿಟ್ಟರು.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. 2018ರ ರಷ್ಯಾ ವಿಶ್ವಕಪ್ಪಿನಲ್ಲಿ ವಿಡಿಯೋ ಅಸಿಸ್ಟೆಂಟ್ ರೆಫರಿ, ಅಂದರೆ ವಿಎಆರ್ ಪದ್ಧತಿ ಮೊದಲ ಬಾರಿಗೆ ಬಂದಾಗ ಅದರ ಯೋಜನೆಯ ಹೊಣೆ ಹೊತ್ತವರು ಇದೇ ರೊಸೆಟ್ಟಿ. ಆ ವರ್ಷ ಜೂನ್ 27ರಂದೇ, ಸರಿಯಾಗಿ ಎಂಟು ವರ್ಷಗಳ ನಂತರ, ಕಜಾನ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಯಂಗ್-ಗ್ವಾನ್ ಜರ್ಮನಿಯ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದಾಗ ಬಾವುಟ ಎದ್ದಿತು. ವಿಡಿಯೋ ನೋಡಿದಾಗ ಚೆಂಡು ಬಂದದ್ದು ಜರ್ಮನ್ ಆಟಗಾರನ ಕಾಲಿನಿಂದ ಎಂದು ತಿಳಿಯಿತು. ಎದುರಾಳಿಯಿಂದಲೇ ಬಂದ ಚೆಂಡಿಗೆ ಆಫ್‌ಸೈಡ್ ಎಲ್ಲಿಯದು? ಗೋಲು ಸಿಕ್ಕಿತು, ಹಿಂದಿನ ಬಾರಿಯ ಚಾಂಪಿಯನ್ನರು ಮನೆಗೆ ಹೋದರು.

2022ರ ಕತಾರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಛಾವಣಿಯಡಿ 12 ಕ್ಯಾಮರಾಗಳು, ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸಾಧನ ಸೆಕೆಂಡಿಗೆ 500 ಸಲ ವರದಿ ಕಳಿಸುತ್ತಿತ್ತು. ಸೌದಿಯ ರಕ್ಷಕರು ಜೀವ ಕೈಯಲ್ಲಿ ಹಿಡಿದು ಸಾಲಾಗಿ ಮುಂದೆ ಸರಿದು ಬಲೆ ಒಡ್ಡಿದ್ದರು. ಅರ್ಜೆಂಟೀನಾದವರು ಅದರಲ್ಲಿ ಮತ್ತೆ ಮತ್ತೆ ಬಿದ್ದರು, ಅಷ್ಟೇ. ಹಣವೂ ಅಲ್ಲ, ಕೆಟ್ಟ ಯಂತ್ರವೂ ಅಲ್ಲ. ಆ ಸೋಲಿನಿಂದೆದ್ದ ಅರ್ಜೆಂಟೀನಾವೇ ಕೊನೆಗೆ ಕಪ್ ಗೆದ್ದದ್ದು ಎಲ್ಲರಿಗೂ ಗೊತ್ತು.

ಯಂತ್ರ ಸರಿ, ಮನುಷ್ಯ ತಪ್ಪಿದ

ಹಾಗಾದರೆ ಇನ್ನು ಜಗಳವಿಲ್ಲವೇ? ಇದೆ. 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಯಾಜ್ ಗೋಲು ಹೊಡೆದರು. ಲೈನ್ಸ್‌ಮನ್ ಆಫ್‌ಸೈಡ್ ಎಂದರು. ವಿಡಿಯೋ ಕೋಣೆಯವರು ಗೆರೆ ಎಳೆದು ನೋಡಿ ಗೋಲು ಸರಿ ಎಂದು ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ಭ್ರಮಿಸಿ ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು! ತಪ್ಪು ತಿಳಿಯುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ಹಿಂದೆ ಹೋಗುವಂತಿರಲಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ಆದರೆ ಇದರಲ್ಲಿ ನಾನು ಗಮನಿಸಿದ ಸಂಗತಿ ಬೇರೆ. ರೆಫರಿಗಳ ಸಂಸ್ಥೆ ಅಂದು ಸಂಜೆಯೇ ತನ್ನ ತಪ್ಪನ್ನು ಒಪ್ಪಿಕೊಂಡಿತು. ಕೆಲವೇ ದಿನಗಳಲ್ಲಿ ಆ ಕೋಣೆಯ ಮಾತುಕತೆಯ ಧ್ವನಿಮುದ್ರಣವನ್ನೂ ಹೊರಗೆ ಬಿಟ್ಟಿತು. ಕೇಳಲು ಮುಜುಗರವಾಗುತ್ತದೆ. ಆದರೂ ಸೋತವರಿಗೆ ತಾವು ಏಕೆ ಸೋತೆವೆಂದು ತಿಳಿಯಿತು.

ನಮ್ಮ ದೇಶದ ಉದಾಹರಣೆಗಳೂ ಇವೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು. ರೆಫರಿ ಮಾನ್ಯ ಮಾಡಿದರು. ಕೇರಳದವರು ಕೋಚ್ ಕರೆದರೆಂದು ಮೈದಾನ ಬಿಟ್ಟೇ ಹೊರಟರು. ಅದಕ್ಕಾಗಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್ ಇವಾನ್ ವುಕೊಮನೊವಿಚ್‌ಗೆ 10 ಪಂದ್ಯಗಳ ನಿಷೇಧ. ಆ ವಾರ ನಮ್ಮ ಪಕ್ಕದ ಮನೆಯ ಮಲಯಾಳಿ ಮಿತ್ರರು ನನ್ನೊಡನೆ ಮಾತೇ ಆಡಲಿಲ್ಲ! ಮರುವರ್ಷ, 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಕತಾರ್ ವಿರುದ್ಧ ಭಾರತ 1-0 ಮುಂದಿತ್ತು. ಗೋಲಿನ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಎಳೆದು ತಂದು ಕತಾರಿನವರು ಗೋಲು ಹೊಡೆದರು. ರೆಫರಿಗೂ ಲೈನ್ಸ್‌ಮನ್ನನಿಗೂ ಅದು ಕಾಣಲಿಲ್ಲ, ವಿಎಆರ್ ಇರಲಿಲ್ಲ. ಭಾರತ 2-1ರಿಂದ ಸೋತು ಹೊರಬಿತ್ತು. ಅಂದು ಮಾತ್ರ ನಾನೂ ನನ್ನ ಮಲಯಾಳಿ ಮಿತ್ರರೂ ಒಂದೇ ದನಿಯಲ್ಲಿ ಬೈದೆವು. ಬೈದ ಮೇಲೆ, ಆ ಲೈನ್ಸ್‌ಮನ್ ರಾತ್ರಿ ನಿದ್ದೆ ಮಾಡಿಯಾನೇ ಎಂದೂ ಅನ್ನಿಸಿತು.

ಒಂದು ಅಡಿಯ ಲೆಕ್ಕ

ಹುಡುಗನ ಕಥೆ ಬಾಕಿ ಉಳಿಯಿತು. 2019ರಲ್ಲಿ ಉಪನಗರದ ಒಂದು ರಾಜ್ಯೋತ್ಸವ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ಒಬ್ಬರು, ‘ಅಣ್ಣ, ಗುರುತು ಸಿಕ್ಕಿತೇ?’ ಎಂದರು. ತಲೆ ನರೆತಿತ್ತು, ನಗು ಅದೇ. ಡೊಂಬಿವಲಿಯಲ್ಲಿ ಸ್ವಂತದ್ದೊಂದು ಸಣ್ಣ ಖಾನಾವಳಿ. ಮಗಳು ಕಾಲೇಜಿನಲ್ಲಿ, ಮಗ ಶಾಲಾ ತಂಡದಲ್ಲಿ ಆಡುತ್ತಾನಂತೆ. ಆ ಕಂಪೆನಿಯ ಕೆಲಸ ಸಿಗಲಿಲ್ಲ. ಸಿಗದಿದ್ದುದಕ್ಕೆ ನನ್ನ ಬಾವುಟವೊಂದೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಬಾಳೆಲೆಯ ಮುಂದೆ ಅಕ್ಕಪಕ್ಕ ಕುಳಿತಾಗ ನಾನೇ ಬಾಯಿಬಿಟ್ಟೆ. ಕ್ಯಾಸೆಟ್ಟಿನ ಸಂಗತಿ, ಸಮನಾಗಿದ್ದದ್ದು, ಒಂದು ಅಡಿಯೆಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದ. ಆಮೇಲೆ ಹೇಳಿದ:

‘ಬಾವುಟ ಎತ್ತಿದ್ದಕ್ಕೆ ನನಗೇನೂ ಬೇಸರವಿರಲಿಲ್ಲ ಅಣ್ಣ. ಅದು ಆಟದಲ್ಲಿ ಇದ್ದದ್ದೇ. ಆದರೆ ನೀವು ಒಂದು ಅಡಿ ಅಂದಿರಲ್ಲ, ಅದನ್ನು ನಂಬಿದೆ. ನಾನು ಅವಸರದವನು, ನನ್ನದೇ ತಪ್ಪು ಎಂದುಕೊಂಡೆ. ಆಮೇಲೆ ಆಡಿದಷ್ಟು ದಿನವೂ ಒಂದು ಹೆಜ್ಜೆ ತಡೆದೇ ಓಡಿದೆ.’

ಇಪ್ಪತ್ತೇಳು ವರ್ಷ ನಾನು ಯೋಚಿಸಿದ್ದು ಬಾವುಟದ ಬಗ್ಗೆ. ಅವನ ಕಾಲನ್ನು ಕಟ್ಟಿಹಾಕಿದ್ದು ಬಾವುಟವಲ್ಲ, ಆಮೇಲಿನ ನನ್ನ ಮಾತು. ‘ಸಮನಾಗಿದ್ದೆಯೋ ಏನೋ ತಮ್ಮ, ನನ್ನ ಕಣ್ಣು ತಪ್ಪಿರಬಹುದು’ ಎಂದು ಅಂದೇ ಹೇಳಿದ್ದರೆ ಗೋಲು ಮರಳಿ ಬರುತ್ತಿರಲಿಲ್ಲ ನಿಜ. ಆದರೆ ಅವನು ತನ್ನ ಓಟವನ್ನು ಕಳೆದುಕೊಳ್ಳುತ್ತಿರಲಿಲ್ಲ.

ಮಾಸ್ತರರ ಪ್ರಶ್ನೆಗೆ ನನ್ನ ಉತ್ತರದ ಎರಡನೆಯ ಭಾಗ ಇದೇ. ಕಣ್ಣು ತಪ್ಪುವುದನ್ನು ಕ್ಷಮಿಸೋಣ. ಆದರೆ ತಪ್ಪಿದ್ದು ಗೊತ್ತಾದ ಮೇಲೆ ಅದನ್ನು ಅಂದೇ ಹೇಳಬೇಕು. ಯಂತ್ರ ಸೆಕೆಂಡಿಗೆ 500 ಸಲ ಲೆಕ್ಕ ಕೊಟ್ಟರೂ ಆ ಮಾತನ್ನು ಮನುಷ್ಯನೇ ಆಡಬೇಕಾಗುತ್ತದೆ.

ನಮ್ಮ ಮಕ್ಕಳು ಆಡುವುದು ಕತಾರ್‌ನಲ್ಲಲ್ಲ. ಕ್ಯಾಮರಾ ಇಲ್ಲದ ಬಡಾವಣೆಯ ಮೈದಾನಗಳಲ್ಲಿ. ಅಲ್ಲಿ ಇಂದಿಗೂ ಯಾರೋ ಒಬ್ಬ ಗುಮಾಸ್ತ, ಯಾರೋ ಒಬ್ಬ ಮಾಸ್ತರ ಬಾವುಟ ಹಿಡಿದು ಓಡುತ್ತಿರುತ್ತಾನೆ. ಹಾಗೆ ಓಡುತ್ತಲೇ ಮೇಲೇರಿದವರೂ ಇದ್ದಾರೆ: ಚೆನ್ನೈಯ ಕೋಮಲೇಶ್ವರನ್ ಶಂಕರ್ 2002ರ ವಿಶ್ವಕಪ್ಪಿನಲ್ಲಿ ಲೈನ್ಸ್‌ಮನ್ ಆಗಿದ್ದರು, ವಿಶ್ವಕಪ್ ಪಂದ್ಯದಲ್ಲಿ ಆ ಹೊಣೆ ಹೊತ್ತ ಮೊದಲ ಭಾರತೀಯರು ಅವರು. ಮುಂದಿನ ಭಾನುವಾರ ಮಕ್ಕಳ ಪಂದ್ಯ ನೋಡಲು ಹೋದಾಗ ಬೈಯುವ ಮೊದಲು ಐದು ನಿಮಿಷ ಅವನ ಹಿಂದೆ, ಗೆರೆಯ ಹೊರಗೆ, ಸರಿನೇರಕ್ಕೆ ನಿಂತು ನೋಡಿ. ಎಷ್ಟು ಸಲ ನಿಮ್ಮ ಕೈ ತಾನಾಗಿ ಮೇಲೇಳುತ್ತದೆ, ಅದರಲ್ಲಿ ಎಷ್ಟು ಸರಿ, ಲೆಕ್ಕ ಹಾಕಿ. ಪಂದ್ಯ ಮುಗಿದ ಮೇಲೆ ಅವನಿಗೆ ಒಂದು ಲೋಟ ಚಹಾ ಕೊಡಿಸಿದರೆ ಇನ್ನೂ ಸಂತೋಷ.